ಮೊದಲ ಕೀಮೋಗೆ ಬಗ್ಗದ ಲ್ಯುಕೇಮಿಯಾ: ಎರಡನೇ ಚಿಕಿತ್ಸೆ ಆರಿಸುವಾಗ ಏನು ನೋಡಬೇಕು

ಇಪ್ಪತ್ತೆಂಟನೇ ದಿನ ಬೋನ್ ಮ್ಯಾರೋ ರಿಪೋರ್ಟ್ ಬಂತು. ಬ್ಲಾಸ್ಟ್, ಅಂದರೆ ಬಲಿಯದ ಕ್ಯಾನ್ಸರ್ ಕಣ, 38 ಪರ್ಸೆಂಟ್. ಐದಕ್ಕಿಂತ ಕೆಳಗೆ ಇಳಿಯಬೇಕಿತ್ತು. ನನ್ನ ತಮ್ಮನಿಗೆ ಆಗ 31 ವರ್ಷ. ಮುಧೋಳದ ಹತ್ತಿರ ಕಬ್ಬು ಬೆಳೆಯುವವನು. ಏಳು ದಿನ ಸೈಟಾರಬೀನ್, ಮೂರು ದಿನ ಡೌನೊರುಬಿಸಿನ್, ಎಲ್ಲರೂ 'ಸೆವೆನ್ ಪ್ಲಸ್ ತ್ರೀ' ಅನ್ನುವ ಕೀಮೋ ಮುಗಿಸಿ, ಕೂದಲು ಉದುರಿ, ಬಾಯಿ ಹುಣ್ಣಾಗಿ, ಎಂಟು ಕಿಲೋ ಇಳಿದಿದ್ದ. ಅಷ್ಟೆಲ್ಲ ತಡೆದುಕೊಂಡ ಮೇಲೆ ಡಾಕ್ಟರ್ ಹೇಳಿದ್ದು, "ಕಾಯಿಲೆ ಔಷಧಕ್ಕೆ ಬಗ್ಗಿಲ್ಲ. ಬೇರೆ ದಾರಿ ನೋಡಬೇಕು."

ಆ ಬೇರೆ ದಾರಿ ಯಾವುದು ಅಂತ ತಿಳಿದುಕೊಳ್ಳಲು ನನಗೆ ತುಂಬಾ ದಿನ ಹಿಡಿಯಿತು. ಫ್ಲಾಗ್, ಮೆಕ್, ಅಜಾ-ವೆನ್ ಅಂತ ಹೆಸರುಗಳು ಕಿವಿಗೆ ಬೀಳುತ್ತಿದ್ದವು. ವಾರ್ಡಿನಲ್ಲಿ ಪಕ್ಕದ ಬೆಡ್ಡಿನವರು "ಅದು ಸ್ಟ್ರಾಂಗ್, ಅದನ್ನೇ ಹಾಕಿಸಿ" ಅನ್ನುತ್ತಿದ್ದರು. ಆಮೇಲೆ ನನಗೆ ಅರ್ಥವಾಗಿದ್ದು ಬೇರೆ. ಯಾವುದು ಜಾಸ್ತಿ ಸ್ಟ್ರಾಂಗ್ ಅನ್ನುವುದು ಮೊದಲ ಪ್ರಶ್ನೆಯೇ ಅಲ್ಲ. ಈ ಕೀಮೋ ಮುಗಿದ ಮೇಲೆ ಮುಂದಿನ ಗುರಿ ಏನು, ಕೀಮೋ ಮುಗಿದ ನಂತರದ ಮೂರ್ನಾಲ್ಕು ವಾರ ಎಲ್ಲಿ ಹೇಗೆ ಕಳೆಯಬೇಕು, ಈ ಎರಡು ಗೊತ್ತಾದರೆ ಆಯ್ಕೆ ಅರ್ಧ ಆದಂತೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಯವರಿಗೆ ಎರಡನೆಯದು ಮೊದಲಿನಷ್ಟೇ ದೊಡ್ಡದು. ನಾನು ಡಾಕ್ಟರ್ ಅಲ್ಲ. ಆದರೆ ಇದೇ ಕುರ್ಚಿಯ ಮೇಲೆ ಕೂತು ಸಹಿ ಹಾಕಿದವನು. ನಿಮ್ಮ ಡಾಕ್ಟರ್ ಜೊತೆ ಮಾತಾಡಲು ಕೂರುವ ಮೊದಲು ಇದಿಷ್ಟು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಔಷಧದ ಹೆಸರಿಗಿಂತ ಮೊದಲು ಕಾಯಿಲೆಯ ಹೆಸರು

'ಬ್ಲಡ್ ಕ್ಯಾನ್ಸರ್' ಅಂದರೆ ಸಾಲದು. ಅಕ್ಯೂಟ್ ಲ್ಯುಕೇಮಿಯಾದಲ್ಲಿ ಎರಡು ದೊಡ್ಡ ಜಾತಿ. ಎಎಂಎಲ್ ಅಂದರೆ ಮೈಲಾಯ್ಡ್, ಎಎಲ್‌ಎಲ್ ಅಂದರೆ ಲಿಂಫಾಯ್ಡ್. ದೊಡ್ಡವರಲ್ಲಿ ಎಎಂಎಲ್ ಜಾಸ್ತಿ, ಮಕ್ಕಳಲ್ಲಿ ಎಎಲ್‌ಎಲ್ ಜಾಸ್ತಿ. ಎರಡಕ್ಕೂ ಮುಂದಿನ ದಾರಿ ಪೂರ್ತಿ ಬೇರೆ. ಎಎಂಎಲ್‌ನಲ್ಲೇ ಎಪಿಎಲ್ ಅಂತ ಒಂದು ಇದೆ. ಅದು ಮರಳಿ ಬಂದರೂ ಆರ್ಸೆನಿಕ್ ಟ್ರೈಆಕ್ಸೈಡ್ ಮತ್ತು ಅಟ್ರಾ ಮಾತ್ರೆಗೆ ಚೆನ್ನಾಗಿ ಬಗ್ಗುತ್ತದೆ. ಅದಕ್ಕೆ ಈ ಬರಹದ ಲೆಕ್ಕ ಹಿಡಿಯಬೇಡಿ.

ಸಾಮಾನ್ಯವಾಗಿ ಎಎಂಎಲ್‌ನಲ್ಲಿ ಎರಡು ಸುತ್ತು ಗಟ್ಟಿ ಕೀಮೋ ಕೊಟ್ಟ ಮೇಲೂ ರೆಮಿಷನ್ ಬರದಿದ್ದರೆ, ಅಂದರೆ ಬ್ಲಾಸ್ಟ್ ಐದು ಪರ್ಸೆಂಟಿಗಿಂತ ಕೆಳಗೆ ಇಳಿಯದಿದ್ದರೆ, 'ರಿಫ್ರ್ಯಾಕ್ಟರಿ' ಅನ್ನುತ್ತಾರೆ. ಆದರೆ ಮೊದಲ ಸುತ್ತಿಗೆ ಬ್ಲಾಸ್ಟ್ ಅಷ್ಟಾಗಿ ಅಲುಗಾಡದಿದ್ದರೆ ಅದೇ ಔಷಧವನ್ನು ಮತ್ತೆ ಹಾಕುವ ಬದಲು ಬೇರೆಯದಕ್ಕೆ ಹೋಗುವುದು ರೂಢಿ. ನಮಗೆ ಆಗಿದ್ದು ಅದೇ.

ಈಗ ಒಂದು ನೋವಿನ ಮಾತು. ನಾವು ಮೊದಲು ಹೋದ ಆಸ್ಪತ್ರೆಯಲ್ಲಿ ಜೀನ್ ಪರೀಕ್ಷೆಗೆ ಸ್ಯಾಂಪಲ್ ಕಳಿಸಿರಲೇ ಇಲ್ಲ. ನಮಗೂ ಕೇಳಬೇಕು ಅಂತ ಗೊತ್ತಿರಲಿಲ್ಲ. ಕೀಮೋ ಕೆಲಸ ಮಾಡಲಿಲ್ಲ ಅಂದ ಮೇಲೆ ಮತ್ತೆ ಸೊಂಟಕ್ಕೆ ಸೂಜಿ ಹಾಕಿ ಸ್ಯಾಂಪಲ್ ತೆಗೆದು ದೊಡ್ಡ ಊರಿನ ಲ್ಯಾಬಿಗೆ ಕಳಿಸಿ ಕಾಯಬೇಕಾಯಿತು. ಆ ಕಾದ ದಿನಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟ ಆಗುತ್ತದೆ. ಅದಕ್ಕೇ ಹೇಳುತ್ತೇನೆ. ಫ್ಲೋ ಸೈಟೊಮೆಟ್ರಿ (ಕಣದ ಜಾತಿ ಗುರುತಿಸುವ ಪರೀಕ್ಷೆ), ಕ್ರೋಮೋಸೋಮ್ ಪರೀಕ್ಷೆ, ಎಫ್‌ಎಲ್‌ಟಿ3, ಎನ್‌ಪಿಎಂ1, ಐಡಿಎಚ್ ಅನ್ನುವ ಜೀನ್‌ಗಳ ಪರೀಕ್ಷೆ, ಇವು ಆಗಿವೆಯಾ ಅಂತ ಕೇಳಿ. ಎನ್‌ಜಿಎಸ್ ಅನ್ನುವ ದೊಡ್ಡ ಜೀನ್ ಪಟ್ಟಿಗೆ ಒಂದೆರಡು ವಾರ ಬೇಕಾಗಬಹುದು, ಆದರೆ ಎಫ್‌ಎಲ್‌ಟಿ3 ಒಂದನ್ನೇ ಪಿಸಿಆರ್‌ನಲ್ಲಿ ಬೇಗ ನೋಡಲು ಬರುತ್ತದೆ. ಎಎಲ್‌ಎಲ್ ಆದರೆ ಫಿಲಡೆಲ್ಫಿಯಾ ಅನ್ನುವ ಕ್ರೋಮೋಸೋಮ್ ಬದಲಾವಣೆ, ಅಂದರೆ ಬಿಸಿಆರ್-ಎಬಿಎಲ್ ಇದೆಯಾ, ಬಿ ಸೆಲ್ಲಾ ಟಿ ಸೆಲ್ಲಾ, ಬ್ಲಾಸ್ಟ್ ಮೇಲೆ ಸಿಡಿ19, ಸಿಡಿ22 ಅನ್ನುವ ಗುರುತುಗಳು ಇವೆಯಾ ಅಂತ ಕೇಳಿ. ಮೊದಲೇ ಆಗಿದ್ದರೂ ಕಾಯಿಲೆ ಮರಳಿದಾಗ ಇನ್ನೊಮ್ಮೆ ಮಾಡಿಸಬೇಕು. ಎಫ್‌ಎಲ್‌ಟಿ3 ಮೊದಲು ಇಲ್ಲದೆ ಆಮೇಲೆ ಕಾಣಿಸಿಕೊಳ್ಳಬಹುದು, ಇದ್ದದ್ದು ಹೋಗಲೂಬಹುದು.

ಎಎಂಎಲ್: ಗಟ್ಟಿ ಕೀಮೋಗಳ ನಡುವೆ

ವಯಸ್ಸು ಕಡಿಮೆ, ಹೃದಯ ಕಿಡ್ನಿ ಚೆನ್ನಾಗಿವೆ, ಮುಂದೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಮಾಡುವ ಉದ್ದೇಶ ಇದೆ. ಹೀಗಿದ್ದರೆ ಡಾಕ್ಟರ್ ಹೇಳುವ ಹೆಸರುಗಳಲ್ಲಿ ಮೂರು ಸಾಮಾನ್ಯ: ಫ್ಲಾಗ್-ಇಡಾ, ಮೆಕ್, ಮತ್ತು ಹೈ ಡೋಸ್ ಸೈಟಾರಬೀನ್. ಮೂರರ ಬೆನ್ನೆಲುಬೂ ಸೈಟಾರಬೀನೇ. ಮೊದಲ ಸುತ್ತಿನಲ್ಲಿ ದಿನಕ್ಕೆ ಚದರ ಮೀಟರಿಗೆ 100ರಿಂದ 200 ಮಿಲಿಗ್ರಾಂ ಹೋಗಿದ್ದ ಔಷಧ ಇಲ್ಲಿ ಗ್ರಾಂ ಲೆಕ್ಕದಲ್ಲಿ ಹೋಗುತ್ತದೆ. ಹತ್ತು ಪಟ್ಟು ಅಂದುಕೊಳ್ಳಿ.

ಫ್ಲಾಗ್-ಇಡಾದಲ್ಲಿ ಫ್ಲುಡಾರಬೀನ್ ಮೊದಲು, ಕೆಲವು ತಾಸಿನ ನಂತರ ಸೈಟಾರಬೀನ್, ಹೀಗೆ ಐದು ದಿನ. ಜೊತೆಗೆ ಮೂರು ದಿನ ಇಡಾರುಬಿಸಿನ್, ಮತ್ತು ಬಿಳಿಕಣ ಬೆಳೆಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್. ಫ್ಲುಡಾರಬೀನ್ ಮೊದಲು ಹೋದರೆ ಲ್ಯುಕೇಮಿಯಾ ಕಣದ ಒಳಗೆ ಸೈಟಾರಬೀನಿನ ಕೆಲಸ ಮಾಡುವ ರೂಪ ಜಾಸ್ತಿ ಸೇರುತ್ತದೆ. ಬರೀ ಔಷಧ ಪೇರಿಸಿದ್ದಲ್ಲ ಇದು. ಒಂದು ಇನ್ನೊಂದಕ್ಕೆ ಹಾದಿ ಮಾಡಿಕೊಡುತ್ತದೆ. ತಮ್ಮನಿಗೆ ಆರಿಸಿದ್ದು ಇದನ್ನೇ. ಇದರ ಬೆಲೆ ಏನು ಅಂದರೆ, ಫ್ಲುಡಾರಬೀನ್ ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್‌ಗಳನ್ನು ತಿಂಗಳುಗಟ್ಟಲೆ ಹೊಡೆದು ಮಲಗಿಸುತ್ತದೆ. ಫಂಗಸ್ ಸೋಂಕಿನ ಭಯ ಜಾಸ್ತಿ. ಆಮೇಲೆ ಕೊಡುವ ರಕ್ತ, ಪ್ಲೇಟ್‌ಲೆಟ್ ಎಲ್ಲ ಇರ‍್ರೇಡಿಯೇಟ್ ಮಾಡಿದ್ದೇ, ಅಂದರೆ ವಿಕಿರಣ ಹಾಯಿಸಿದ್ದೇ ಆಗಬೇಕು. ಆ ಯಂತ್ರ ಎಲ್ಲ ಬ್ಲಡ್ ಬ್ಯಾಂಕಿನಲ್ಲೂ ಇರುವುದಿಲ್ಲ. ಅಡ್ಮಿಟ್ ಆಗುವ ಮೊದಲೇ ಕೇಳಿಕೊಳ್ಳಿ. ಕಿಡ್ನಿ ದುರ್ಬಲ ಇದ್ದವರಿಗೆ ಫ್ಲುಡಾರಬೀನ್ ಕಡಿಮೆ ಮಾಡಬೇಕಾಗುತ್ತದೆ, ಇಲ್ಲವೇ ಬಿಡಬೇಕಾಗುತ್ತದೆ.

ಮೆಕ್‌ನಲ್ಲಿ ಮೈಟೊಕ್ಸಾಂಟ್ರೋನ್, ಎಟೊಪೊಸೈಡ್, ಸೈಟಾರಬೀನ್. ಐದಾರು ದಿನದ ಕೋರ್ಸ್. ಬಾಯಿ, ಕರುಳಿನ ಹುಣ್ಣು ಇದರಲ್ಲಿ ಕಾಡುವುದು ಜಾಸ್ತಿ. ಮೈಟೊಕ್ಸಾಂಟ್ರೋನ್ ಕಡುನೀಲಿ ಔಷಧ. ಮೂತ್ರ ಹಸಿರು-ನೀಲಿ ಆಗುತ್ತದೆ, ಕಣ್ಣಿನ ಬಿಳಿಭಾಗಕ್ಕೂ ನೀಲಿ ಛಾಯೆ ಬರಬಹುದು. ಪಕ್ಕದ ಬೆಡ್ಡಿನ ಹುಡುಗನ ತಾಯಿ ಅದನ್ನು ನೋಡಿ ಅಳುತ್ತಾ ಸಿಸ್ಟರ್ ಹತ್ತಿರ ಓಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮೊದಲೇ ಯಾರಾದರೂ ಒಂದು ಮಾತು ಹೇಳಿದ್ದರೆ ಆ ತಾಯಿಗೆ ಆ ಸಂಕಟ ಬರುತ್ತಿರಲಿಲ್ಲ, ಅಲ್ವಾ? ಡೌನೊರುಬಿಸಿನ್, ಇಡಾರುಬಿಸಿನ್ ಹಾಕಿದಾಗ ಮೂತ್ರ ಕೆಂಪಗಾಗುವುದೂ ಹೀಗೇ, ಔಷಧದ ಬಣ್ಣ.

ಇಡಾರುಬಿಸಿನ್, ಮೈಟೊಕ್ಸಾಂಟ್ರೋನ್ ಎರಡೂ ಹೃದಯಕ್ಕೆ ಭಾರ. ಮೊದಲ ಸುತ್ತಿನ ಡೌನೊರುಬಿಸಿನ್ ಲೆಕ್ಕವೂ ಇದರ ಜೊತೆ ಸೇರುತ್ತದೆ. ಅದಕ್ಕೇ ಮತ್ತೆ 2ಡಿ ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸುತ್ತಾರೆ. ಪಂಪಿಂಗ್ ಕಡಿಮೆ ಬಂದರೆ ಇಡಾ ಬಿಟ್ಟು ಬರೀ ಫ್ಲಾಗ್ ಕೊಡಬಹುದು, ಇಲ್ಲ ಹೈ ಡೋಸ್ ಸೈಟಾರಬೀನ್ ಒಂದನ್ನೇ ಕೊಡಬಹುದು. ಹಳೆಯ ಡಿಸ್‌ಚಾರ್ಜ್ ಸಮ್ಮರಿಯಲ್ಲಿ ಎಷ್ಟು ಮಿಲಿಗ್ರಾಂ ಹೋಗಿದೆ ಅಂತ ಬರೆದಿರುತ್ತದೆ. ಆ ಕಾಗದ ಕಳೆಯಬೇಡಿ.

ಹೈ ಡೋಸ್ ಸೈಟಾರಬೀನ್ ಮಿದುಳಿನ ಹಿಂಭಾಗಕ್ಕೆ ಪೆಟ್ಟು ಕೊಡಬಹುದು. ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಅಕ್ಷರ ಕೆಡುತ್ತದೆ. ವಯಸ್ಸಾದವರಿಗೆ, ಕಿಡ್ನಿ ತೊಂದರೆ ಇದ್ದವರಿಗೆ ಈ ಅಪಾಯ ಜಾಸ್ತಿ. ಹಾಗಾಗಿ ನಮ್ಮ ವಾರ್ಡಿನ ಸಿಸ್ಟರ್ ದಿನಾ ಬೆಳಿಗ್ಗೆ ಡೋಸ್ ಹಾಕುವ ಮೊದಲು ಒಂದು ನೂರು ಪುಟದ ನೋಟ್‌ಬುಕ್ ಚಾಚುತ್ತಿದ್ದರು. ತಮ್ಮ ಅದರಲ್ಲಿ ಕನ್ನಡದಲ್ಲಿ ತನ್ನ ಹೆಸರು, ಊರು ಬರೆಯಬೇಕು. ಮೂಗಿನ ತುದಿಗೆ ಬೆರಳು ಮುಟ್ಟಿಸಬೇಕು. ನೇರ ಗೆರೆಯ ಮೇಲೆ ನಾಲ್ಕು ಹೆಜ್ಜೆ ನಡೆಯಬೇಕು. ಐದು ದಿನದ ಐದು ಸಹಿ ಒಂದರ ಕೆಳಗೊಂದು. ನಾಲ್ಕನೇ ದಿನ ಸ್ವಲ್ಪ ವಾಲಿತ್ತು. ಸಿಸ್ಟರ್ ಡಾಕ್ಟರನ್ನು ಕರೆದರು, ಅವರು ಬಂದು ಪರೀಕ್ಷೆ ಮಾಡಿ, ಬರೀ ಸುಸ್ತು ಅಂತ ಹೇಳಿದ ಮೇಲೆಯೇ ಔಷಧ ಮುಂದುವರೆಯಿತು. ಕಣ್ಣು ಉರಿಯದಿರಲು ಸ್ಟೆರಾಯ್ಡ್ ಡ್ರಾಪ್ಸ್ ಕೂಡ ಹಾಕುತ್ತಾರೆ. ಅದನ್ನು ಒಂದು ಹೊತ್ತೂ ತಪ್ಪಿಸಬಾರದು.

ಇವುಗಳಲ್ಲಿ ಯಾವುದು ಗೆಲ್ಲುತ್ತದೆ? ಇದೊಂದೇ ಉಳಿದೆಲ್ಲಕ್ಕಿಂತ ಮೇಲು ಅಂತ ಗಟ್ಟಿಯಾಗಿ ಹೇಳುವಂತಿಲ್ಲ. ಆಸ್ಪತ್ರೆಗೆ ಯಾವುದರಲ್ಲಿ ಕೈ ಪಳಗಿದೆ ಅನ್ನುವುದು ನನ್ನ ಲೆಕ್ಕದಲ್ಲಿ ದೊಡ್ಡ ಮಾತು. ವರ್ಷಕ್ಕೆ ಹತ್ತಾರು ಫ್ಲಾಗ್ ಕೊಡುವ ವಾರ್ಡಿನಲ್ಲಿ ಮೆಕ್ ಕೊಡಿ ಅಂತ ಹಠ ಹಿಡಿಯುವುದರಲ್ಲಿ ಅರ್ಥ ಇಲ್ಲ.

ಇನ್ನೊಂದು ಮಾತು ಯುವಕರ ಮನೆಯವರಿಗೆ. ಮುಂದೆ ಮಕ್ಕಳಾಗಬೇಕು ಅನ್ನುವ ಆಸೆ ಇದ್ದರೆ ಕೀಮೋಗೆ ಮೊದಲು ವೀರ್ಯ ಶೇಖರಣೆಯ ಬಗ್ಗೆ ಕೇಳಿ. ನಾಚಿಕೆ ಪಡುವ ಹೊತ್ತಲ್ಲ ಅದು. ನಾವು ಕೇಳಲಿಲ್ಲ.

ಅಜಾ-ವೆನ್: ಮೃದು ಅಂತಾರೆ, ಆದರೆ

ಅಜಾಸೈಟಿಡಿನ್ ಇಂಜೆಕ್ಷನ್ ಏಳು ದಿನ, ಜೊತೆಗೆ ವೆನಿಟೊಕ್ಲಾಕ್ಸ್ ಮಾತ್ರೆ. ವಯಸ್ಸು ಜಾಸ್ತಿ, ಶುಗರ್, ಹೃದಯದ ತೊಂದರೆ ಇದ್ದವರು, ಗಟ್ಟಿ ಕೀಮೋದಿಂದ ಆಗಲೇ ನೆಲಕಚ್ಚಿದವರು, ಇವರಿಗೆ ಇದು ನಿಜವಾಗಿಯೂ ಒಳ್ಳೆಯ ಆಯ್ಕೆ ಆಗಬಹುದು. ಬಾಯಿಹುಣ್ಣು, ವಾಂತಿ ಕಡಿಮೆ. ಆದರೆ ಒಂದು ಅಂಕಿಯಿಂದ ಮೋಸ ಹೋಗಬೇಡಿ. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇದಕ್ಕೆ ನೂರರಲ್ಲಿ 66 ಜನರಿಗೆ ರೆಮಿಷನ್ ಬಂತು ಅಂತ ಮೊಬೈಲಿನಲ್ಲಿ ಓದುತ್ತೀರಿ. ಅದು ಮೊದಲ ಬಾರಿ ಚಿಕಿತ್ಸೆ ಪಡೆದ, ಗಟ್ಟಿ ಕೀಮೋ ತಡೆಯಲಾರದವರ ಲೆಕ್ಕ. ಕೀಮೋಗೆ ಬಗ್ಗದ ಕಾಯಿಲೆಯಲ್ಲಿ ಇದು ಅಷ್ಟು ಕೆಲಸ ಮಾಡುವುದಿಲ್ಲ.

'ಮೃದು' ಅಂದ ಕೂಡಲೇ ಮನೆಯಲ್ಲಿ ಕೂತು ಮಾತ್ರೆ ನುಂಗುವುದು ಅಂದುಕೊಳ್ಳಬೇಡಿ. ಕೌಂಟ್ಸ್, ಅಂದರೆ ರಕ್ತಕಣಗಳ ಸಂಖ್ಯೆ, ಇದರಲ್ಲೂ ನೆಲಕ್ಕೆ ಬೀಳುತ್ತವೆ. ಮಾತ್ರೆಯನ್ನು 100, 200, 400 ಅಂತ ಮೂರು ದಿನದಲ್ಲಿ ಮೆಟ್ಟಿಲು ಹತ್ತಿಸುತ್ತಾರೆ. ಫಂಗಸ್ ಮಾತ್ರೆ ಜೊತೆಗಿದ್ದರೆ ಡೋಸ್ ದೊಡ್ಡದಾಗಿ ಇಳಿಸಬೇಕು. ವೊರಿಕೊನಜೋಲ್ ಜೊತೆ 100, ಪೊಸಕೊನಜೋಲ್ ಜೊತೆ 70 ಮಿಲಿಗ್ರಾಂ ಸಾಕು. ಹಾಗೆಯೇ ಫಂಗಸ್ ಮಾತ್ರೆ ನಿಂತರೆ ಡೋಸ್ ಮತ್ತೆ ಏರಬೇಕು. ಊರಿನ ಮೆಡಿಕಲ್ ಅಂಗಡಿಯಲ್ಲಿ ಯಾವ ಹೊಸ ಮಾತ್ರೆ ತಗೊಂಡರೂ ಮೊದಲು ಆಸ್ಪತ್ರೆಗೆ ಫೋನ್ ಮಾಡಿ.

ಇಲ್ಲಿ ವಿಜಯಪುರದವರಿಗೆ ಒಂದು ವಿಶೇಷ ಸೂಚನೆ. ವೆನಿಟೊಕ್ಲಾಕ್ಸ್ ಜೊತೆ 'ಗ್ರೇಪ್‌ಫ್ರೂಟ್' ತಿನ್ನಬಾರದು ಅಂತ ಇರುತ್ತದೆ. ಇಂಡಿ ತಾಲೂಕಿನ ಒಬ್ಬ ಹಿರಿಯರ ಮನೆಯಲ್ಲಿ ಅದನ್ನು ದ್ರಾಕ್ಷಿ ಅಂದುಕೊಂಡು, ಸ್ವಂತ ತೋಟದ ಒಣದ್ರಾಕ್ಷಿಯನ್ನೂ ಪಾಯಸದಿಂದ ಆರಿಸಿ ತೆಗೆಯುತ್ತಿದ್ದರು. ಗ್ರೇಪ್‌ಫ್ರೂಟ್ ದ್ರಾಕ್ಷಿ ಅಲ್ಲ. ಅದು ನಮ್ಮ ಚಕ್ಕೋತದ ನೆಂಟ. ಚಕ್ಕೋತವನ್ನೂ ಬಿಡಿ. ಅದು ಮಾತ್ರೆಯ ಮಟ್ಟವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ. ಹಸಿ ದ್ರಾಕ್ಷಿಯನ್ನು ಕೌಂಟ್ಸ್ ಬಿದ್ದಾಗ ಬೇಡ ಅನ್ನುವುದು ಬೇರೆ ಕಾರಣಕ್ಕೆ. ಸಿಪ್ಪೆ ತೆಗೆಯಲು ಬರುವುದಿಲ್ಲ, ತೊಳೆದರೂ ಪೂರ್ತಿ ಸ್ವಚ್ಛ ಆಗುವುದಿಲ್ಲ ಅಂತ. ಪಾಯಸದಲ್ಲಿ ಕುದ್ದ ಒಣದ್ರಾಕ್ಷಿಯ ಮೇಲೆ ಗ್ರೇಪ್‌ಫ್ರೂಟ್ ಸಿಟ್ಟು ತೀರಿಸಬೇಕಿಲ್ಲ.

ಜೀನ್ ನೋಡಿ ಕೊಡುವ ಮಾತ್ರೆ

ಎಎಂಎಲ್ ಇದ್ದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಎಫ್‌ಎಲ್‌ಟಿ3 ಬದಲಾವಣೆ ಇರುತ್ತದೆ. ಅಂಥವರಿಗೆ ಗಿಲ್ಟೆರಿಟಿನಿಬ್ ಮಾತ್ರೆ ಇದೆ. 2019ರಲ್ಲಿ ಬಂದ ಅಡ್ಮಿರಲ್ ಅನ್ನುವ ಅಧ್ಯಯನದಲ್ಲಿ 371 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಮಾತ್ರೆ, ಇನ್ನೊಂದಕ್ಕೆ ಫ್ಲಾಗ್-ಇಡಾ, ಮೆಕ್‌ನಂಥ ಕೀಮೋ ಕೊಟ್ಟರು. ಮಾತ್ರೆ ತಗೊಂಡವರಲ್ಲಿ ಬದುಕಿದ ಅವಧಿಯ ಮಧ್ಯದ ಲೆಕ್ಕ 9.3 ತಿಂಗಳು, ಕೀಮೋದವರಲ್ಲಿ 5.6 ತಿಂಗಳು. ಈ ಅಂಕಿಯನ್ನು ಎರಡು ಕಡೆಯಿಂದ ನೋಡಬೇಕು. ಮಾತ್ರೆ ಕೀಮೋಗಿಂತ ಮೇಲು, ಅದು ನಿಜ. ಆದರೆ ಮಾತ್ರೆಯೊಂದೇ ಊರು ಮುಟ್ಟಿಸುವುದಿಲ್ಲ ಅನ್ನುವುದೂ ಅದರಲ್ಲೇ ಇದೆ.

ಗಿಲ್ಟೆರಿಟಿನಿಬ್ ಕೈಗೆಟುಕದಿದ್ದಾಗ ಕೆಲವು ಡಾಕ್ಟರ್‌ಗಳು ಸೊರಾಫೆನಿಬ್ ಬರೆಯುತ್ತಾರೆ. ಇದು ಮೂಲತಃ ಲಿವರ್, ಕಿಡ್ನಿ ಕ್ಯಾನ್ಸರಿನ ಮಾತ್ರೆ, ಎಫ್‌ಎಲ್‌ಟಿ3 ಮೇಲೂ ಕೆಲಸ ಮಾಡುತ್ತದೆ. 2012ರ ಮಾರ್ಚ್‌ನಲ್ಲಿ ಭಾರತ ತನ್ನ ಮೊದಲ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇದ್ದರೂ ಬೇರೆ ಕಂಪನಿ ತಯಾರಿಸಲು ಕೊಡುವ ಒಪ್ಪಿಗೆ) ಕೊಟ್ಟಿದ್ದು ಇದೇ ಔಷಧಕ್ಕೆ. ತಿಂಗಳಿಗೆ 2.8 ಲಕ್ಷ ರೂಪಾಯಿ ಇದ್ದದ್ದನ್ನು ನ್ಯಾಟ್ಕೋ ಕಂಪನಿ 8,880 ರೂಪಾಯಿಗೆ ಕೊಡುವಂತಾಯಿತು. ಆ ತೀರ್ಮಾನದ ಫಲ ಇವತ್ತು ನಮ್ಮಂಥ ಮನೆಗಳು ಉಣ್ಣುತ್ತಿವೆ. ಐಡಿಎಚ್1ಕ್ಕೆ ಐವೊಸಿಡೆನಿಬ್, ಐಡಿಎಚ್2ಕ್ಕೆ ಎನಾಸಿಡೆನಿಬ್ ಇವೆ. ಕೆಎಂಟಿ2ಎ ಅನ್ನುವ ಜೀನಿನ ಬದಲಾವಣೆಗೆ ರೆವುಮೆನಿಬ್ 2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಇಂಥ ಮಾತ್ರೆ ಶುರುಮಾಡಿದ ಮೇಲೆ ಜ್ವರ, ಉಸಿರುಗಟ್ಟುವುದು, ಎರಡು ಮೂರು ದಿನದಲ್ಲಿ ತೂಕ ಏರುವುದು ಕಂಡರೆ ಕಾಯಬೇಡಿ. ಡಿಫರೆನ್ಸಿಯೇಷನ್ ಸಿಂಡ್ರೋಮ್ ಅಂತ ಒಂದಿದೆ. ಡೆಕ್ಸಾಮೆಥಸೋನ್ ಅನ್ನುವ ಸ್ಟೆರಾಯ್ಡ್ ಬೇಗ ಸಿಕ್ಕರೆ ಹಿಡಿತಕ್ಕೆ ಬರುತ್ತದೆ.

ಎಎಲ್‌ಎಲ್ ಆದರೆ

ಮಕ್ಕಳ ಎಎಲ್‌ಎಲ್‌ನಲ್ಲಿ ಕಾಯಿಲೆ ಯಾವಾಗ ಮರಳಿತು ಅನ್ನುವುದರ ಮೇಲೆ ತುಂಬಾ ನಿಂತಿದೆ. ಚಿಕಿತ್ಸೆ ಮುಗಿದು ಎಷ್ಟೋ ದಿನದ ನಂತರ ಬಂದರೆ ಕೀಮೋದಲ್ಲೇ ಗೆಲ್ಲುವ ಸಾಧ್ಯತೆ ಚೆನ್ನಾಗಿದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಬಂದರೆ ದಾರಿ ಕಷ್ಟದ್ದು, ಟ್ರಾನ್ಸ್‌ಪ್ಲಾಂಟ್ ಬೇಕಾಗುವುದೇ ಜಾಸ್ತಿ.

ದೊಡ್ಡವರ ಬಿ ಸೆಲ್ ಎಎಲ್‌ಎಲ್ ಒಂದು ಕೀಮೋಗೆ ಬಗ್ಗದಿದ್ದರೆ, ಇನ್ನೊಂದು ಕೀಮೋ ಹಾಕುವುದಕ್ಕಿಂತ ಕೀಮೋ ಅಲ್ಲದ ಔಷಧಗಳೇ ಮೇಲು ಅಂತ ಅಧ್ಯಯನಗಳು ತೋರಿಸಿವೆ. ಬ್ಲಿನಾಟುಮೊಮ್ಯಾಬ್ 2017ರ ಅಧ್ಯಯನದಲ್ಲಿ ಬದುಕಿದ ಅವಧಿಯ ಮಧ್ಯದ ಲೆಕ್ಕವನ್ನು ಕೀಮೋದ 4 ತಿಂಗಳಿಂದ 7.7 ತಿಂಗಳಿಗೆ ಏರಿಸಿತು. ಇದು 28 ದಿನ ಹಗಲು ರಾತ್ರಿ ಪಂಪಿನಿಂದ ಹನಿಯುತ್ತಲೇ ಇರಬೇಕು. ಮೊದಲ ದಿನಗಳು ಆಸ್ಪತ್ರೆಯಲ್ಲೇ. ಬ್ಲಾಸ್ಟ್ ಕಡಿಮೆ ಇದ್ದಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಇನೊಟುಜುಮ್ಯಾಬ್ ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್. ಬ್ಲಾಸ್ಟ್ ಜಾಸ್ತಿ ಇದ್ದರೂ ಕೆಲಸ ಮಾಡುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರರಲ್ಲಿ 80 ಜನರಿಗೆ ರೆಮಿಷನ್ ಬಂತು, ಕೀಮೋದಲ್ಲಿ 29 ಜನರಿಗೆ. ಆದರೆ ಲಿವರಿನ ರಕ್ತನಾಳ ಕಟ್ಟಿಕೊಳ್ಳುವ ತೊಂದರೆ ಬರಬಹುದು, ಅದೂ ಮುಂದೆ ಟ್ರಾನ್ಸ್‌ಪ್ಲಾಂಟ್ ಆಗುವವರಿಗೆ ಜಾಸ್ತಿ. ಎರಡೂ ದುಬಾರಿ. ಕೈಗೆ ಸಿಗದಿದ್ದರೆ ಹೈಪರ್-ಸಿವ್ಯಾಡ್, ಫ್ಲಾಗ್-ಇಡಾದಂಥ ಕೀಮೋಗೇ ಬರಬೇಕಾಗುತ್ತದೆ, ಅದರಿಂದಲೂ ರೆಮಿಷನ್ ಬಂದವರಿದ್ದಾರೆ. ಟಿ ಸೆಲ್‌ಗೆ ನೆಲಾರಬೀನ್. ಫಿಲಡೆಲ್ಫಿಯಾ ಇದ್ದರೆ ಡಾಸಾಟಿನಿಬ್, ಪೊನಾಟಿನಿಬ್ ಮಾತ್ರೆ ಸೇರಿಸದೆ ಯಾವ ಕೀಮೋ ಕೊಟ್ಟರೂ ಅರ್ಧ ಕೆಲಸ.

ಇನ್ನು ಕಾರ್-ಟಿ. ರೋಗಿಯದೇ ಟಿ ಸೆಲ್ ತೆಗೆದು, ಲ್ಯಾಬಿನಲ್ಲಿ ತಿದ್ದಿ, ಮರಳಿ ಕೊಡುವುದು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. 15 ವರ್ಷ ದಾಟಿದ ಬಿ ಸೆಲ್ ಕಾಯಿಲೆಯವರಿಗೆ. ಹೊರದೇಶಕ್ಕೆ ಹೋಲಿಸಿದರೆ ಬೆಲೆ ತೀರಾ ಕಡಿಮೆ, ಆದರೂ ಹತ್ತಾರು ಲಕ್ಷದ ಮಾತು. ಎಎಂಎಲ್‌ಗೆ ಇದು ಅಲ್ಲ. ಎಷ್ಟೋ ಜನ ತಪ್ಪು ತಿಳಿದು ಮುಂಬೈವರೆಗೆ ಹೋಗಿ ಬರುತ್ತಾರೆ.

ಟ್ರಾನ್ಸ್‌ಪ್ಲಾಂಟ್‌ಗೆ ಈಗಲೇ ಹುಡುಕಾಟ

ಕೀಮೋಗೆ ಬಗ್ಗದ ಎಎಂಎಲ್‌ನಲ್ಲಿ ಬಹಳ ದಿನ ಉಳಿಯುವ ದಾರಿ ಹೆಚ್ಚಿನವರಿಗೆ ಟ್ರಾನ್ಸ್‌ಪ್ಲಾಂಟ್ ಒಂದೇ. ಹಾಗಾಗಿ ಎರಡನೇ ಕೀಮೋ ಶುರುವಾದ ದಿನವೇ ಎಚ್‌ಎಲ್‌ಎ ಪರೀಕ್ಷೆಗೆ (ಯಾರ ಮ್ಯಾರೋ ಹೊಂದುತ್ತದೆ ಅಂತ ನೋಡುವುದು) ರಕ್ತ ಕೊಡಿ. ರೆಮಿಷನ್ ಬಂದ ಮೇಲೆ ನೋಡೋಣ ಅಂದರೆ ತಡ. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಪೂರ್ತಿ ಹೊಂದದಿದ್ದರೆ ಅರ್ಧ ಹೊಂದುವ ಹ್ಯಾಪ್ಲೊ ಇದೆ. ತಂದೆ ತಾಯಿ, ಮಕ್ಕಳು ಯಾವಾಗಲೂ ಅರ್ಧ ಹೊಂದುತ್ತಾರೆ. ತಮ್ಮನಿಗೆ ನಾನು ಅರ್ಧ ಹೊಂದಿದೆ.

ನನಗೆ ಗೊತ್ತಿಲ್ಲದೆ ಮಾಡಲು ಹೊರಟಿದ್ದ ಒಂದು ತಪ್ಪು ಹೇಳಲೇಬೇಕು. ತಮ್ಮನಿಗೆ ರಕ್ತ ಬೇಕು ಅಂದ ಕೂಡಲೇ ಮೊದಲು ತೋಳು ಚಾಚಿದವನು ನಾನು. ಬ್ಲಡ್ ಬ್ಯಾಂಕಿನವರು "ನೀವು ಅಣ್ಣ ಅಲ್ವಾ? ನಿಮ್ಮದು ಬೇಡ" ಅಂದರು. ಮುಂದೆ ಮ್ಯಾರೋ ಕೊಡುವ ಸಾಧ್ಯತೆ ಇರುವ ರಕ್ತಸಂಬಂಧಿ ಈಗ ರಕ್ತ ಕೊಟ್ಟರೆ, ರೋಗಿಯ ಮೈ ಆ ಸೆಲ್‌ಗಳನ್ನು ಗುರುತು ಹಿಡಿದು ಆಮೇಲೆ ಮ್ಯಾರೋವನ್ನು ತಿರಸ್ಕರಿಸಬಹುದು. ಗೆಳೆಯರಿಂದ, ಊರಿನವರಿಂದ ಕೊಡಿಸಿ. ಮನೆಯವರದ್ದು ಮ್ಯಾರೋಗೆ ಉಳಿಸಿ.

ಬ್ಲಾಸ್ಟ್ ಪೂರ್ತಿ ಇಳಿಯದೆಯೇ ಟ್ರಾನ್ಸ್‌ಪ್ಲಾಂಟ್‌ಗೆ ಹೋಗಬಹುದಾ? ಜರ್ಮನಿಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಕೇಳಿತು. ಒಂದು ಗುಂಪಿಗೆ ಮೊದಲು ಗಟ್ಟಿ ಕೀಮೋ, ಇನ್ನೊಂದು ಗುಂಪಿಗೆ ಕಾಯಿಲೆಯನ್ನು ಸುಮ್ನೆ ಹಿಡಿತದಲ್ಲಿಟ್ಟು ನೇರ ಟ್ರಾನ್ಸ್‌ಪ್ಲಾಂಟ್. ಕೊನೆಗೆ ಎರಡು ಗುಂಪಿನ ಫಲವೂ ಹತ್ತಿರ ಹತ್ತಿರ ಬಂತು, ನೇರ ಹೋದವರು ಆಸ್ಪತ್ರೆಯಲ್ಲಿ ಕಳೆದ ದಿನ ಕಡಿಮೆ. ಆದರೆ ಅದಕ್ಕೆ ಡೋನರ್ ಕೈಯಲ್ಲೇ ಇರಬೇಕು, ಟ್ರಾನ್ಸ್‌ಪ್ಲಾಂಟ್ ಬೆಡ್ ತಕ್ಷಣ ಸಿಗಬೇಕು. ನಮ್ಮಲ್ಲಿ ಎಲ್ಲರಿಗೂ ಅದು ಆಗುವ ಮಾತಲ್ಲ. ಆದರೂ ಕೇಳಬಹುದಾದ ಪ್ರಶ್ನೆ.

ಆ ಮೂರು ವಾರ ಎಲ್ಲಿ?

ಐದು ದಿನದ ಕೀಮೋ ನೋಡಿ ಆಸ್ಪತ್ರೆ ಆರಿಸಬೇಡಿ. ಆಮೇಲಿನ ಮೂರ್ನಾಲ್ಕು ವಾರ ನೋಡಿ ಆರಿಸಿ. ಬಿಳಿ ರಕ್ತಕಣ ಇಲ್ಲವೇ ಇಲ್ಲ ಅನ್ನುವಂಥ ದಿನಗಳಲ್ಲಿ 100.4 ಡಿಗ್ರಿ ಜ್ವರ ಬಂದರೆ ಒಂದು ತಾಸಿನೊಳಗೆ ಆ್ಯಂಟಿಬಯೋಟಿಕ್ ನರಕ್ಕೆ ಬೀಳಬೇಕು. ನಮ್ಮೂರಿನಿಂದ ಬೆಳಗಾವಿಗೆ ಎರಡೂವರೆ ತಾಸು. ಕಬ್ಬಿನ ಹಂಗಾಮಿನಲ್ಲಿ, ರಾತ್ರಿ, ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಲೆಕ್ಕವೇ ಇಲ್ಲ. ಫ್ಲಾಗ್-ಇಡಾ ಆದ ಮೇಲೆ ಕೌಂಟ್ಸ್ ಏರುವವರೆಗೂ ನಾವು ಆಸ್ಪತ್ರೆ ಬಿಡಲಿಲ್ಲ. ಬಿಡುವುದಾದರೂ ಹತ್ತು ನಿಮಿಷದ ದೂರದಲ್ಲಿ ರೂಮು ಮಾಡಿ. ಬೇವಿನ ಸೊಪ್ಪು, ಸದಾಪುಷ್ಪದ ಕಷಾಯ ಅಂತ ಯಾರಾದರೂ ತಂದರೆ ಕೈಮುಗಿದು ಬೇಡ ಅನ್ನಿ. ಸದಾಪುಷ್ಪದಿಂದಲೇ ವಿಂಕ್ರಿಸ್ಟಿನ್ ಕೀಮೋ ತೆಗೆಯುವುದು ನಿಜ, ಆದರೆ ಕಷಾಯದಲ್ಲಿ ಏನು ಎಷ್ಟಿದೆ ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ.

ಪ್ಲೇಟ್‌ಲೆಟ್ ಹತ್ತು ಸಾವಿರಕ್ಕೆ ಇಳಿದರೆ ಕೊಡುತ್ತಾರೆ. ಮಷಿನ್‌ನಲ್ಲಿ ಒಬ್ಬರೇ ದಾನಿಯಿಂದ ತೆಗೆಯುವ ಎಸ್‌ಡಿಪಿ ಬೇಕು, ಅದನ್ನು ಐದು ದಿನಕ್ಕಿಂತ ಜಾಸ್ತಿ ಇಡಲು ಬರುವುದಿಲ್ಲ. ಹಾಗಾಗಿ ಎಲ್ಲ ಗೆಳೆಯರನ್ನೂ ಒಂದೇ ದಿನ ಕರೆಸಬೇಡಿ. ನಾನು ಕ್ಯಾಲೆಂಡರಿನಲ್ಲಿ ದಿನಕ್ಕೊಬ್ಬರ ಹೆಸರು ಬರೆದಿಟ್ಟಿದ್ದೆ.

ಊಟದ ಮಾತೂ ಬರಲಿ. ನಮ್ಮ ಕಡೆ ರೊಟ್ಟಿ ಜೊತೆ ಹಸಿ ಮೆಂತ್ಯೆ, ಮೂಲಂಗಿ, ಉಳ್ಳಾಗಡ್ಡಿ ಇಲ್ಲದೆ ಊಟ ಆಗುವುದಿಲ್ಲ. ಆ ದಿನಗಳಲ್ಲಿ ಹಸಿ ಬೇಡ. ಕಡಕ್ ರೊಟ್ಟಿಯಂತೂ ಬೇಡವೇ ಬೇಡ. ಪ್ಲೇಟ್‌ಲೆಟ್ ಇಲ್ಲದ ಬಾಯಿಗೆ ಅದು ಗಾಜಿನ ಚೂರಿನಂತೆ. ಬಿಸಿ ಮೆತ್ತನೆ ರೊಟ್ಟಿಯನ್ನು ಹೆಸರುಬೇಳೆ ಕಟ್ಟಿನಲ್ಲಿ ನೆನೆಸಿ ಅವ್ವ ತಿನ್ನಿಸುತ್ತಿದ್ದಳು.

ಊರುಗಳ ವಿಚಾರ ಸ್ವಲ್ಪ ಹೇಳುತ್ತೇನೆ. ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ ಇವೆ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಸಂಸ್ಥೆ, ಬೆಂಗಳೂರಿನಲ್ಲಿ ಕಿದ್ವಾಯಿ. ಎಲ್ಲಿಗೇ ಹೋಗಿ, ಈ ನಾಲ್ಕನ್ನು ಕೇಳಿ: ರಕ್ತದ ಕಾಯಿಲೆಯ ಡಾಕ್ಟರ್ ದಿನವೂ ಇರುತ್ತಾರಾ, ರಾತ್ರಿ ಪ್ಲೇಟ್‌ಲೆಟ್ ಸಿಗುತ್ತದಾ, ಇರ‍್ರೇಡಿಯೇಟ್ ಮಾಡಿದ ರಕ್ತ ಇದೆಯಾ, ಐಸಿಯು ಅದೇ ಕಟ್ಟಡದಲ್ಲಿದೆಯಾ. ಉತ್ತರ ಹೌದು ಅಂದರೆ ಹತ್ತಿರದ್ದೇ ಒಳ್ಳೆಯದು. ಅಲ್ಲ ಅಂದರೆ ದೂರ ಹೋಗುವುದೇ ಸರಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ವಿಜಯಪುರ, ಬಾಗಲಕೋಟೆ ಮೇಲಿಂದ ಬೆಂಗಳೂರಿಗೆ ಹೋಗುತ್ತದೆ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆ ಹೋಗುವವರಿಗೆ 75 ಪರ್ಸೆಂಟ್ ರಿಯಾಯಿತಿ ಇದೆ. ಆಸ್ಪತ್ರೆಯ ಫಾರ್ಮ್ ಬೇಕು.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ 30 ಪರ್ಸೆಂಟ್, ವರ್ಷಕ್ಕೆ 1.5 ಲಕ್ಷದವರೆಗೆ. ನೀವು ಆರಿಸಿದ ಕೀಮೋ ಪ್ಯಾಕೇಜಿನಲ್ಲಿದೆಯಾ ಅಂತ ಅಡ್ಮಿಷನ್‌ಗೆ ಮೊದಲೇ ಆರೋಗ್ಯಮಿತ್ರರನ್ನು ಕೇಳಿ. ಕೀಮೋ ಔಷಧಕ್ಕಿಂತ ಆಮೇಲಿನ ಆ್ಯಂಟಿಬಯೋಟಿಕ್, ಫಂಗಸ್ ಇಂಜೆಕ್ಷನ್, ಪ್ಲೇಟ್‌ಲೆಟ್‌ಗೆ ನಮಗೆ ಜಾಸ್ತಿ ಖರ್ಚಾಯಿತು. ಆ ದುಡ್ಡು ತೆಗೆದಿಟ್ಟುಕೊಂಡೇ ಶುರು ಮಾಡಿ.

ಗಟ್ಟಿ ಕೀಮೋ ಬೇಡ ಅನ್ನುವುದೂ ಒಂದು ಆಯ್ಕೆ

ಇದನ್ನು ಡಾಕ್ಟರ್ ಹೇಳಿದಾಗ ಮನೆಯವರು 'ಕೈಬಿಟ್ಟರು' ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಚರ್ಮದ ಕೆಳಗೆ ಕೊಡುವ ಸಣ್ಣ ಡೋಸ್ ಸೈಟಾರಬೀನ್, ಬಿಳಿಕಣ ಏರದಂತೆ ಹೈಡ್ರಾಕ್ಸಿಯೂರಿಯಾ, ಬಾಯಿಂದ ಕೊಡುವ ಸಣ್ಣ ಸಣ್ಣ ಕೀಮೋ ಮಾತ್ರೆಗಳು, ಬೇಕಾದಾಗ ರಕ್ತ, ನೋವಿಗೆ ಮಾರ್ಫಿನ್. ಇದೂ ಚಿಕಿತ್ಸೆಯೇ. ಕಾಯಿಲೆ ಪೂರ್ತಿ ಹೋಗುವುದಿಲ್ಲ ಅನ್ನುವುದನ್ನು ಮಾತ್ರ ಮೊದಲೇ ತಿಳಿದುಕೊಂಡು ಆರಿಸಬೇಕು. ರೋಗಿಯನ್ನು ಕೇಳಿ ಆರಿಸಬೇಕು. ನಮ್ಮ ಕಡೆ ಇದೊಂದನ್ನೇ ಯಾರೂ ಮಾಡುವುದಿಲ್ಲ. "ಅವರಿಗೆ ಹೇಳಬ್ಯಾಡ್ರಿ" ಅಂತ ಡಾಕ್ಟರ್ ಕೋಣೆಯ ಬಾಗಿಲಲ್ಲೇ ಕೈ ಹಿಡಿಯುತ್ತೇವೆ.

ಒಣದ್ರಾಕ್ಷಿ ಆರಿಸುತ್ತಿದ್ದರು ಅಂದೆನಲ್ಲ, ಇಂಡಿ ಕಡೆಯ ಹಿರಿಯರು. ಅವರಿಗೆ 68 ವರ್ಷ. ಎರಡು ಸುತ್ತು ಅಜಾ-ವೆನ್ ಆದ ಮೇಲೂ ಬ್ಲಾಸ್ಟ್ ಇಳಿಯಲಿಲ್ಲ. ಮಗ ಬೆಂಗಳೂರಿಗೆ ಕರೆದೊಯ್ದು ಗಟ್ಟಿ ಕೀಮೋ ಹಾಕಿಸುವ ಅಂತಿದ್ದ. ಡಾಕ್ಟರ್ ಅವರನ್ನೇ ಎದುರಿಗೆ ಕೂರಿಸಿಕೊಂಡು ಎರಡೂ ದಾರಿ ಬಿಡಿಸಿ ಹೇಳಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ, "ಅಕ್ಟೋಬರ್ ಚಾಟ್ನಿಗೆ ನಾನು ತ್ವಾಟದಾಗ ಇರತೀನಿಲ್ಲರೀ?" ದ್ರಾಕ್ಷಿ ಬಳ್ಳಿ ಕತ್ತರಿಸುವ ಹೊತ್ತು ಅದು. ಬೆಂಗಳೂರಾದರೆ ಆಗ ವಾರ್ಡಿನಲ್ಲಿರುತ್ತೀರಿ ಅಂದರು ಡಾಕ್ಟರ್. ಅವರು ವಿಜಯಪುರದಲ್ಲೇ ವಾರಕ್ಕೆರಡು ಸಲ ಪ್ಲೇಟ್‌ಲೆಟ್ ಹಾಕಿಸಿಕೊಂಡು ಊರಿಗೆ ಹೋಗುತ್ತಿದ್ದರು. ಅಕ್ಟೋಬರಿನಲ್ಲಿ ಮಗ ನನಗೊಂದು ಫೋಟೋ ಕಳಿಸಿದ. ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ, ಮುಖಕ್ಕೆ ಮಾಸ್ಕ್, ಕೈಗೆ ಇನ್ನೂ ಬ್ಯಾಂಡೇಜ್. ಕತ್ತರಿ ಹಿಡಿದವರಿಗೆ ಬಳ್ಳಿಯ ಯಾವ ಕಣ್ಣು ಬಿಡಬೇಕು ಅಂತ ಬೆರಳು ತೋರಿಸುತ್ತಿದ್ದರು.